ಚಿಪ್ಪು ಬಿಡಿಸುವವಳ ಭುಜ

ಬಾಗಿಲ ಗಂಟೆಗಿಂತ ಮೊದಲೇ
ನಿಮ್ಮ ವಾಸನೆ ಒಳಗೆ ಬಂತು, ಓಕ್‌ಬುನ್ ಅಕ್ಕ:
ತೊಂಗ್‌ಯೊಂಗ್ ಬಂದರಿನ ಉಪ್ಪು, ರಬ್ಬರ್ ಬೂಟು,
ಮೂರು ಸಲ ಸೋಪು ಹಾಕಿದರೂ ಉಗುರಡಿ ಬಿಡದ
ಸಿಂಪಿಯ ನೀರು.
ಚಪ್ಪಲಿ ಬಿಟ್ಟು, ಎಡಕ್ಕೆ ಎರಡು ಹೆಜ್ಜೆ.
ಹಾಸಿಗೆ ಅಲ್ಲೇ ಇದೆ. ದೀಪ ಬೇಕಿದ್ದರೆ ನೀವೇ ಹಾಕಿಕೊಳ್ಳಿ,
ಅದರ ಸ್ವಿಚ್ಚು ಎಲ್ಲಿದೆಯೋ ನನಗೆ ಮರೆತೇಹೋಗಿದೆ.

"ಎಲ್ಲಿ ನೋವು?" ಎಂದೆ.
"ನೋವೇನಿಲ್ಲ. ಮಗಳು ಚೀಟಿ ಕೊಂಡುಬಿಟ್ಟಳು,
ದುಡ್ಡು ವಾಪಸು ಕೊಡೋಲ್ಲವಂತೆ, ಬಂದೆ."
ಸರಿ. ಹಾಗೆನ್ನುವವರ ಬೆನ್ನೇ
ಎಲ್ಲರಿಗಿಂತ ಹೆಚ್ಚು ಮಾತಾಡುವುದು.

ಊಟ ಯಾವಾಗ ಆಯಿತು? ಈಗಷ್ಟೇ ಎಂದರೆ
ಸ್ವಲ್ಪ ಕೂತಿರಿ, ಬಾರ್ಲಿ ನೀರು ಕುಡಿಯಿರಿ.
ತುಂಬಿದ ಹೊಟ್ಟೆಯ ಮೇಲೆ ಬೋರಲು ಮಲಗುವುದೆಂದರೆ
ತುಂಬಿದ ದೋಣಿ ಕವುಚಿದ ಹಾಗೆ.
ಜ್ವರವಿದೆಯೆ? ಕಾಲಲ್ಲಿ ಊತ? ರಕ್ತ ತೆಳು ಮಾಡುವ ಮಾತ್ರೆ?
ಇದ್ದರೆ ಹೇಳಿ. ನಾನು ವೈದ್ಯನಲ್ಲ.
ಮುರಿದದ್ದನ್ನು ಈ ಕೈ ಕೂಡಿಸಲಾರದು,
ಬಿಗಿದದ್ದನ್ನು ಕೇಳಿನೋಡಬಲ್ಲದು ಅಷ್ಟೆ,
ಸ್ವಲ್ಪ ಬಿಡುತ್ತೀಯಾ, ಎಂದು.

ಮೊದಲು ನೀವುತ್ತೇನೆ, ಆಮೇಲೆ ಒತ್ತುತ್ತೇನೆ,
ಪರಿಚಯವಿಲ್ಲದ ನಾಯಿಯ ಹತ್ತಿರ ಹೋಗುವ ಹಾಗೆ.

ಬಲಭುಜ. ಓ.
ಇದು ಭುಜವಲ್ಲ, ದಕ್ಕೆಯ ಕಂಬ,
ನಲವತ್ತು ಚಳಿಗಾಲ ಹಗ್ಗ ಸುತ್ತಿ ಸುತ್ತಿ ಬಿಗಿದದ್ದು.
ಬೆಳಗಿನ ನಾಲ್ಕಕ್ಕೆ ನಿಂತರೆ ಸಂಜೆವರೆಗೆ ನಿಂತೇ,
ಕಿಲೋಗೆ ಇಷ್ಟು ಎಂದು ಲೆಕ್ಕ,
ಚೂರಿಯ ಆ ಒಂದೇ ತಿರುವು.
ಕೈ ಮಲಗಿದರೂ ಭುಜ ಮಲಗಿಲ್ಲ,
ನಿದ್ದೆಯಲ್ಲೂ ಬಿಡಿಸುತ್ತಲೇ ಇದೆ.

ಹಲ್ಲು ಕಚ್ಚಬೇಡಿ.
ಇಲ್ಲಿ ಸಹಿಸಿದವರಿಗೆ ಬಹುಮಾನವಿಲ್ಲ.
ಹಿತವಾದ ನೋವು ಒಂದು, ಬರೀ ನೋವು ಇನ್ನೊಂದು;
ನಡುವಿನ ಗೆರೆ ನನಗೆ ಕಾಣದು,
ಕಣ್ಣಿದ್ದವರಿಗೂ ಕಾಣದು, ಅದು ನಿಮ್ಮೊಳಗಿದೆ.
"ಮೆಲ್ಲಗೆ" ಎಂದರೆ ನನಗೆ ಬೇಜಾರಿಲ್ಲ.
ಟ್ಯಾಕ್ಸಿಯ ಪ್ಯೋ "ಇನ್ನೂ ಜೋರು, ಇನ್ನೂ ಜೋರು" ಎಂದು
ಒತ್ತಿಸಿಕೊಂಡು, ಮಾರನೆಯ ದಿನ
ಸ್ಟೇರಿಂಗು ತಿರುಗಿಸಲಾಗದೆ
ನೇರ ರಸ್ತೆಯ ಬಾಡಿಗೆ ಮಾತ್ರ ಹಿಡಿದನಂತೆ.

ನಕ್ಕಿರಿ.
ನಕ್ಕಾಗಲೇ ಉಸಿರು ಹೊರಬಿತ್ತು,
ಉಸಿರಿನ ಬೆನ್ನಿಗೇ ಹೆಬ್ಬೆರಳು ಇಳಿಯಿತು
ಹೆಗಲ ಮೂಳೆಯ ಅಂಚಿಗೆ, ಬಟಾಣಿಯಷ್ಟು ಗಂಟಿಗೆ.
ಒತ್ತಿ ನಿಂತೆ. ಎಣಿಸಲಿಲ್ಲ.

ಆಗ ನೀವು ಆಡಿದ್ದು ಭುಜದ ಮಾತಲ್ಲ.
"ಅವರು ಹೋದ ಮೇಲೆ," ಎಂದಿರಿ, "ಈ ಬೆನ್ನಿಗೆ
ಯಾರ ಕೈಯೂ ಬಿದ್ದಿಲ್ಲ. ಹನ್ನೊಂದು ವರ್ಷ.
ನೋವಿನ ಪಟ್ಟಿ ಹಚ್ಚಬೇಕಾದರೆ ಅದನ್ನು ನೆಲಕ್ಕೆ ಹಾಸಿ
ಅಂದಾಜಿನ ಮೇಲೆ ಮಲಗುತ್ತೇನೆ.
ಒಂದೊಂದು ಸಲ ಪಕ್ಕೆಗೆ ಅಂಟುತ್ತದೆ."

ನಾನೇನೂ ಅನ್ನಲಿಲ್ಲ. ಈ ಕೋಣೆಯಲ್ಲಿ
ಸುಮ್ಮನಿರುವುದೂ ಕಸುಬಿಗೆ ಸೇರಿದ್ದು.
ಕೈ ಬಿಸಿಯಿತ್ತು, ಅಲ್ಲೇ ಇಟ್ಟೆ.

ಮುಗಿಯಿತು. ತಟಕ್ಕನೆ ಏಳಬೇಡಿ.
ಪಕ್ಕಕ್ಕೆ ಹೊರಳಿ, ಕೂತು, ಆಮೇಲೆ ನಿಲ್ಲಿ.
ಇವತ್ತು ಸೋಜು ಬೇಡ. ನಾಳೆ ಮೈ ಭಾರವೆನಿಸಿದರೆ
ಹೆದರದೆ ಬಿಸಿನೀರು ಹಾಕಿಕೊಳ್ಳಿ.
ಮುಂದಿನ ವಾರವೂ ಬನ್ನಿ. ನಲವತ್ತು ವರ್ಷ ಬಿಗಿದದ್ದು
ಒಂದು ಮಧ್ಯಾಹ್ನಕ್ಕೆ ಬಿಚ್ಚುವಂಥದ್ದಲ್ಲ.
ಗಂಟೆಗೊಮ್ಮೆ ಚೂರಿ ಕೆಳಗಿಟ್ಟು ಭುಜ ಹಿಂದಕ್ಕೆ ತಿರುಗಿಸಿ,
ಮೇಸ್ತ್ರಿ ಬೈದರೆ ಕುರುಡ ಹೇಳಿದ ಎನ್ನಿ.

ಚೀಟಿ ಕೊಡುವಾಗ ನಿಮ್ಮ ಬೆರಳು ನನ್ನ ಹೆಬ್ಬೆರಳಿಗೆ ತಗುಲಿ
ನಾನು ಕೈ ಸೆಳೆದುಕೊಂಡೆ.
ನಿಮಗೆ ಗೊತ್ತಾಗಿಹೋಯಿತು.
"ಇಪ್ಪತ್ತಾರು ವರ್ಷ ಒತ್ತಿದ ಬೆರಳು," ಎಂದೆ. "ನೋವೇನಿಲ್ಲ."

ಮತ್ತೆ ಕೂತಿರಿ. ಹಿಡಿದಿರಿ.
ಮುಚ್ಚಿದ ಚಿಪ್ಪಿನ ಕೀಲು ಎಲ್ಲಿದೆಯೆಂದು
ನೋಡದೆಯೇ ಬಲ್ಲ ಕೈ
ನೇರ ಅಲ್ಲಿಗೇ ಹೋಯಿತು.

"ಊಟ ಯಾವಾಗ ಆಯಿತು?" ಎಂದಿರಿ.