ಡಬ್ಬಿಗೊಂದು ತೂತು

ಇಪ್ಪತ್ತೊಂಬತ್ತು ವರ್ಷ ಬರ್ಮಿಂಗ್‌ಹ್ಯಾಮಿನ ಹೊರವರ್ತುಲದಲ್ಲಿ
ಬಸ್ಸು ಓಡಿಸಿದವಳು ನಾನು.
ಹೊರಟಲ್ಲಿಗೇ ಬಂದು ಸೇರುವ ದಾರಿ.
ನಿವೃತ್ತಿಗೆ ಅವರು ಗಡಿಯಾರ ಕೊಟ್ಟರು,
ಮೊಣಕಾಲು ನೋವು ನಾನೇ ತಂದುಕೊಂಡೆ.

ಈಗ ಮಂಗಳವಾರ ಸಂಜೆ ಆರಕ್ಕೆ
ಕಾಲುವೆ ಪಕ್ಕದ ಹಳೇ ಗುಂಡಿ ಕಾರ್ಖಾನೆ, ಎರಡನೇ ಮಹಡಿ.
ಮೇಜಿಗೊಂದು ಅರ್ಧಚಂದ್ರದ ಕಚ್ಚು,
ಕಚ್ಚಿನ ಕೆಳಗೆ ತೊಡೆಯ ಮೇಲೆ ತೂಗುವ ಚರ್ಮ,
ಉದುರುವ ಬೆಳ್ಳಿ ಹಿಡಿಯಲು.
“ನೆಲಕ್ಕೆ ಬಿದ್ದದ್ದು ನೆಲದ್ದು,” ಅಂದ ಡೆನ್ಜಿಲ್ ಪೋವಿ,
“ಚರ್ಮಕ್ಕೆ ಬಿದ್ದದ್ದು ನಿನ್ನದು.”

ಮೊದಲ ವಾರ ಹದಿನಾಲ್ಕು ಗರಗಸದೆಳೆ ಮುರಿದೆ.
ಕೂದಲಿನಷ್ಟು ತೆಳು; ಟಿಂಗ್ ಎಂದು ಕಿವಿ ಸವರಿ ಹಾರುತ್ತವೆ.
“ಸ್ಟೇರಿಂಗ್ ಹಿಡಿದ ಹಾಗೆ ಹಿಡೀಬೇಡ ಮೇವಿಸ್.
ಅದು ಹೋಗಲಿ, ನೀನು ಸುಮ್ಮನೆ ಕೂತಿರು.”
ನಾನು ಕೂತೆ. ಅದು ಹೋಗಲಿಲ್ಲ.

ಪೆಟ್ಟು ತಿಂದಷ್ಟೂ ಬೆಳ್ಳಿ ಬಿಗಿಯುತ್ತದೆ.
ನಾನೋ, ಮೆತ್ತಗಾಗುತ್ತದೆ ಅಂದುಕೊಂಡಿದ್ದೆ.
ಹಟ ಹಿಡಿದದ್ದನ್ನು ಉರಿಗೆ ಒಡ್ಡಬೇಕು, ದೀಪ ಆರಿಸಿ,
ಕೆಂಪು ಅನ್ನಲಾಗದ ಒಂದು ಮಂಕು ಬಣ್ಣ ಏಳುವತನಕ
(ಬೆಳಗಿನ ನಾಲ್ಕೂವರೆಗೆ ನಮ್ಮ ಡಿಪೋ ಇದ್ದ ಬಣ್ಣ),
ಆಮೇಲೆ ನೀರಿಗೆ. ಚುಂಯ್.
ಎತ್ತಿಕೊಂಡರೆ ಒದ್ದೆ ರಟ್ಟಿನಂತೆ ಬಾಗುತ್ತದೆ,
ಹಿಂದಿನ ಪೆಟ್ಟು ಒಂದೂ ನೆನಪಿಲ್ಲ.

ಡಬ್ಬಿಯೆಂದರೆ ತಳ, ಗೋಡೆ, ಮುಚ್ಚಳ
ಬೇರೆ ಬೇರೆ ಮಾಡಿ ಹೊಂದಿಸುವುದೆಂದುಕೊಂಡಿದ್ದೆ.
ಅಲ್ಲವಂತೆ. ಮೊದಲು ಪೂರ್ತಿ ಮುಚ್ಚಿಬಿಡಬೇಕಂತೆ,
ಆರೂ ಮುಖ ಬೆಸೆದು, ಬಾಗಿಲೇ ಇಲ್ಲದ ಮನೆ.
ಆಮೇಲೆ ಸುತ್ತ ಗೆರೆ ಎಳೆದು ಗರಗಸದಲ್ಲಿ ಸೀಳಬೇಕು.
ಅದೇ ಮೈಯಿಂದ ಬೇರೆಯಾದ ಮುಚ್ಚಳ ಮಾತ್ರ
ಆ ಮೈಗೆ ಕೂರುವುದು.

“ಆದರೆ ಬೆಸೆಯುವ ಮುಂಚೆ ಒಂದು ತೂತು.
ಸೀಳುವ ಗೆರೆಯ ಮೇಲೇ, ಸೂಜಿಮೊನೆಯಷ್ಟು.
ಒಳಗಿನ ಗಾಳಿಗೆ ದಾರಿ ಬೇಕು.”
ನಾನು ಮರೆತೆ.

ಬಿಳಿಗಾರ ಹಚ್ಚಿ, ಬೆಸುಗೆಯ ಚೂರು ಇಟ್ಟು, ಉರಿ ತಾಗಿಸಿದೆ.
ಬೆಸುಗೆ ಮಿಂಚಿ ಅಂಚಿನುದ್ದ ಓಡಿತು,
ನಾನು ಹಿಗ್ಗಿದೆ.
ಡಬ್ಬಿಯೂ ಹಿಗ್ಗಿತು.
ಢಂ!
ಒಂದು ಮುಖ ಹಾರಿ ಕಿಟಕಿಗೆ ಬಡಿಯಿತು.
ಡೆನ್ಜಿಲ್ ಕನ್ನಡಕ ಸರಿಮಾಡಿಕೊಂಡ:
“ಸದ್ಯ, ಒಳಗೆ ಯಾರೂ ಇರಲಿಲ್ಲ.”

ಎಲ್ಲರೂ ನಕ್ಕರು. ನಾನೂ.
ಮನೆಗೆ ಹೋಗುವಾಗ, ಟಿಕೆಟ್ ಕೊಂಡ ಪ್ರಯಾಣಿಕಳಾಗಿ,
ಬಸ್ಸಿನ ಮೇಲಂತಸ್ತಿನಲ್ಲಿ ಅಮ್ಮ ನೆನಪಾದಳು.
ಪೆನ್ನಿನ ನಿಬ್ಬು ಒತ್ತುವ ಕಾರ್ಖಾನೆಯವಳು.
ದಿನಕ್ಕೆಷ್ಟು ಸಾವಿರ ಬಾಯಿ ಚೂಪು ಮಾಡಿದಳೋ,
ತನ್ನ ಬಾಯಿ ಬಿಟ್ಟವಳಲ್ಲ.
ಏನಮ್ಮಾ? ಏನಿಲ್ಲ. ಏನಾಯ್ತೇ? ಏನಿಲ್ಲ.
ಒಂದು ಭಾನುವಾರ ಊಟದ ತಟ್ಟೆಗಳನ್ನೆಲ್ಲ
ಹಿತ್ತಿಲ ಗೋಡೆಗೆ ಒಂದೊಂದಾಗಿ ಎಸೆದಳು.
ಆಮೇಲೆ ತಾನೇ ಗುಡಿಸಿದಳು. ನನಗಾಗ ಒಂಬತ್ತು.
ಸೂಜಿಮೊನೆಯಷ್ಟು ಸಾಕಿತ್ತೇನೋ.

ಎರಡನೆಯ ಡಬ್ಬಿ ಮುಗಿಯಲು ಜೂನ್ ಬಂತು.
ತೂತನ್ನು ಮೊದಲೇ ಕೊರೆದೆ, ಕೊರೆದು ಮೂರು ಸಲ ನೋಡಿದೆ.
ಸೀಳುವಾಗ ಅದು ಗರಗಸದ ಹಾದಿಯಲ್ಲೇ ಕಳೆದುಹೋಯಿತು,
ಈಗ ಹುಡುಕಿದರೂ ಸಿಗುವುದಿಲ್ಲ.
ಒಳಗೊಂದು ತೆಳು ಅಂಚು ಕೂರಿಸಿದೆ.
“ಅರ ಹಾಕು. ನೋಡು. ಇನ್ನೊಂದೆಳೆ.
ಸಾಕು, ಕೈ ಕಟ್ಟಿಕೋ.”

ಮುಚ್ಚಳ ಇಟ್ಟು ಬೆರಳು ತೆಗೆದೆ.
ಬೀಳಲಿಲ್ಲ.
ಒಳಗಿನ ಗಾಳಿಯ ಮೇಲೆ ಅರೆಗಳಿಗೆ ನಿಂತು
ತಾನಾಗಿ ಇಳಿಯಿತು, ಸ್ಸ್ಸ್.
ಆ ಸದ್ದು ನನಗೆ ಗೊತ್ತು.
ಕೊನೆಯವರು ಹತ್ತಿದ ಮೇಲೆ, ಮಳೆಯಲ್ಲಿ,
ಬೆನ್ನ ಹಿಂದಿನ ಬಾಗಿಲು ಮುಚ್ಚಿಕೊಳ್ಳುವ ಸದ್ದು.

“ಏನು ಹಾಕ್ತೀಯ ಇದರಲ್ಲಿ?” ಪಕ್ಕದ ಮೇಜಿನ ಶಗುಫ್ತಾ ಕೇಳಿದಳು.
ಏನಿಲ್ಲ, ಎನ್ನಲು ಹೋಗಿ ತಡೆದುಕೊಂಡೆ.
“ಗೊತ್ತಿಲ್ಲ ಕಣೇ,” ಅಂದೆ.

ಚರ್ಮ ಕೊಡವಿ ಪುಡಿ ತೂಗಿದೆವು:
ನಾಲ್ಕು ಗ್ರಾಂ, ಮೇಲೆ ಚಿಲ್ಲರೆ.
ಮುಂದಿನ ಮಂಗಳವಾರ ಕೀಲು ಹೇಳಿಕೊಡುತ್ತಾನಂತೆ.