ಒಂದು ಗುಡಿಸು

ಹಾಲ್ಫ್ರಿದುರ್ ಬ್ರಾಂಡ್ಸ್‌ದೋತಿರ್ ಅವರಿಗೆ,
ಉಪ್ಪಳದ ಐಸ್ ಪ್ಲಾಂಟಿನಲ್ಲಿ ಬಿಲ್ಲು ಬರೆಯುವವಳ ನಮಸ್ಕಾರ.
ನಿಮ್ಮ ಹೆಸರು ಸರಿ ಬಂತೋ ಇಲ್ಲವೋ.
ಮಲಯಾಳದ ವಾರಪತ್ರಿಕೆಯಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದೆ,
ಕನ್ನಡದಲ್ಲಿ ಅರ್ಥವಾಯಿತು,
ನಕ್ಕದ್ದು ಮಾತ್ರ ತುಳುವಿನಲ್ಲಿ.

ಹದಿನಾರಕ್ಕೆ ಮೀನಿಗೆ ಉಪ್ಪು ಹಾಕುವ ಕೆಲಸ,
ಪೀಪಾಯಿಗಿಷ್ಟೆಂದು ಕೂಲಿ.
ಬೆರಳ ಸಂದಿಯ ಗಾಯಕ್ಕೆ ಉಪ್ಪು ಹೊಕ್ಕು
ರಾತ್ರಿ ಪೆನ್ನು ಹಿಡಿಯಲಾಗದೆ
ಕತೆಗಳನ್ನು ಬಾಯಿಪಾಠ ಮಾಡಿಟ್ಟಿರಂತೆ.
ನಲವತ್ತೊಂದಕ್ಕೆ ಮೊದಲ ಪುಸ್ತಕ.
ಅಡುಗೆಮನೆಯ ಹಬೆ, ಅಂದರಂತೆ ದೊಡ್ಡವರು.
ಈಗ ಎಪ್ಪತ್ತಾರಕ್ಕೆ ದೇಶದ ಪ್ರಶಸ್ತಿ.
ಫೋಟೋದಲ್ಲಿ ನೀವು ಪದಕ ನೋಡುತ್ತಿಲ್ಲ,
ಯಾರದೋ ಬೂಟಿನ ಲಾಡಿ ಬಿಚ್ಚಿಹೋದದ್ದನ್ನು ನೋಡುತ್ತಿದ್ದೀರಿ.
ಅಲ್ಲೇ ನನಗೆ ನಂಬಿಕೆ ಬಂತು.

ನಿಮ್ಮ ಭಾಷೆ ಆಡುವವರು
ನಮ್ಮ ಕಾಸರಗೋಡು ಜಿಲ್ಲೆಯ ಮೂರರಲ್ಲೊಂದು ಪಾಲೂ ಇಲ್ಲವಂತೆ.
ಆದರೂ ನಿಮ್ಮನ್ನು ಲೇಖಕಿ ಅನ್ನುತ್ತಾರೆ, ಅಷ್ಟೆ.
ನನಗೆ, ನೋಡಿ, ಹೆಸರಿಗೆ ಮುಂಚೆ ತಲೆಹೊರೆ:
ಗಡಿನಾಡ, ಕರಾವಳಿಯ, ಮಹಿಳಾ, ಉದಯೋನ್ಮುಖ.
ಐವತ್ತೆಂಟಕ್ಕೆ ಇನ್ನೆಲ್ಲಿಯ ಉದಯ!
ದ್ವೀಪದವರಿಗೆ ಈ ತಾಪತ್ರಯವಿಲ್ಲ;
ಸುತ್ತ ಸಮುದ್ರವಿದ್ದರೆ ಎಲ್ಲರೂ ಗಡಿಯವರೇ.

ದೋತಿರ್ ಎಂದರೆ ಮಗಳು, ನಿಮಗೆ ಅಪ್ಪನ ಹೆಸರು.
ನನ್ನ ಸಾಲಿಯಾನ್ ಅಮ್ಮನಿಂದ ಬಂದ ಬರಿ.
ತುಳುವಿನಲ್ಲಿ ಬರಿ ಅಂದರೆ ಕುಲ.
ಘಟ್ಟದ ಮೇಲಿನಿಂದ ಬಂದ ಟೀಚರು
“ಬರಿ, ಬರಿ” ಎಂದು ಸ್ಲೇಟು ತಟ್ಟಿದಾಗ
ಕುಲ ಕೇಳಿದರೆಂದು ಎದ್ದುನಿಂತು ಹೇಳಿಬಿಟ್ಟಿದ್ದೆ.
ಇಡೀ ಕ್ಲಾಸು ನಕ್ಕಿತು.

ಕಳೆದ ತಿಂಗಳು ನನಗೂ ಒಂದು ಸನ್ಮಾನ.
ಸಾಲಿನಲ್ಲಿ ಹದಿನೇಳನೆಯವಳು;
ನನ್ನ ಸರದಿಗೆ ಅನ್ನದ ಪಾತ್ರೆಯ ಸದ್ದು ಶುರುವಾಗಿತ್ತು.
ಫಲಕ ಮಾಡಿದವನಿಗೆ ಕನ್ನಡ ಬಾರದು,
ಒಂದು ಗುಡಿಸು ಬಿಟ್ಟು ಕೆತ್ತಿದ್ದ:
ಜಲಜಾಕ್ಷ ಸಾಲಿಯಾನ್.
ಚಪ್ಪಾಳೆ ಆ ಗಂಡಸಿಗೆ ಸಂದಿತು.
ನಾನು ಅವನ ಶಾಲು ಮಡಚಿ ಚೀಲಕ್ಕೆ ಹಾಕಿ
ನಾಲ್ಕೂವರೆಯ ಲೋಕಲ್ ಹಿಡಿದೆ.

ಇಲ್ಲಿ ನಸುಕಿಗೇ ಮಂಜುಗಡ್ಡೆ ಎಳೆಯುತ್ತಾರೆ.
ಬಿಲ್ಲಿನ ಹಳದಿ ಪ್ರತಿಯ ಬೆನ್ನಿಗೆ ನನ್ನ ಕತೆ.
ಒದ್ದೆ ಕೈಯವರು ಮುಟ್ಟಿ
ಎಷ್ಟೋ ನಾಯಕಿಯರು ನೀಲಿಯಾಗಿ ಹರಡಿಹೋಗಿದ್ದಾರೆ.
ಫ್ಯಾನು ಹಾಕಿದರೆ ಹಾಳೆ ಹಾರದಿರಲೆಂದು
ಫಲಕವನ್ನು ಮೇಲಿಟ್ಟಿದ್ದೇನೆ. ಒಳ್ಳೆ ಭಾರವಿದೆ.

“ಅಕ್ಕಾ, ಎರಡು ಬ್ಲಾಕ್!” ದೋಣಿಯವನು ಕರೆಯುತ್ತಿದ್ದಾನೆ.
ಅವನದು ಕರಗುವ ಮುಂಚೆ ಬರೆದುಕೊಡಬೇಕು.
ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ,
ಜಲಜಾಕ್ಷಿ.
ಗುಡಿಸು ನಾನೇ ಮೊಳೆಯಲ್ಲಿ ಗೀರಿದ್ದು,
ಸ್ವಲ್ಪ ಓರೆಯಾಗಿದೆ.