ಹಿಂದಕ್ಕ ಸರಿಯೂದು

ಗೋಳಗುಮ್ಮಟ ಚೌಕಟ್ಟಿನಾಗ ಹಿಡಿಯಾಂಗಿಲ್ಲ.
ಹುಲ್ಲಿನ ಮ್ಯಾಲ ನಿಂತರ ತಲಿ ಹೋಗತೈತಿ,
ತಲಿ ಹಿಡದರ ಕಾಲು.
ಹಿಂದಕ್ಕ ಸರಿ ಅಂತು ಲೆನ್ಸು.
ಸರದೆ.

ಕ್ಯಾಲೆಂಡರಿನವರ ಕರಾರು ಹಿಂಗ:
ಹನ್ನೆರಡು ತಿಂಗಳಿಗೆ ಏಶಿಯಾದ ಹನ್ನೆರಡು ಊರು,
ತಂತಿ ಬರಬಾರದು, ಪ್ಲಾಸ್ಟಿಕ್ ಬರಬಾರದು,
ಮಂದಿ ಬಂದರೂ ಮಸುಕಾಗಿ ಬರಬೇಕು.
ಹನೋಯಿಯ ಕೆರಿ ದಂಡಿಗೆ ಹಿಂಗ ಸರಕೋತ ಹೋಗಿ
ಹೂವಿನ ಸೈಕಲ್ಲಿಗೆ ಡಿಕ್ಕಿ ಹೊಡದಿದ್ದೆ.
ಇಸ್ಫಹಾನದಾಗ ಗಾಲೀಚ ಮಾರಾಂವ ಒಬ್ಬ
ಸದ್ದಿಲ್ಲದ ನನ್ನ ಹಿಂದೊಂದು ಸ್ಟೂಲು ತಂದಿಟ್ಟು
ಕೂಡ್ರು ಅಂತ ಹೆಗಲು ಒತ್ತಿದ್ದ.
ಅವನ ಮಾರಿ ನೆನಪಿಲ್ಲ.

ಇಲ್ಲಿ, ವಿಜಯಪುರದಾಗ, ಮುಂಜಾನಿ ಏಳಕ್ಕ
ಹಿಂದಹಿಂದಕ್ಕ ಮ್ಯೂಜಿಯಂ ದಾಟಿದೆ.
ಗೇಟು ದಾಟಿದೆ. ಹೊಳ್ಳಿ ಒಳಗ ಬರೂದಾದರ
ಮತ್ತೊಂದು ಟಿಕೀಟು ನೋಡ್ರಿ, ಅಂದ ಅಲ್ಲಿ ಕುಂತಾಂವ.
ರಸ್ತೆ ದಾಟೂ ಮುಂದ ಟಾಂಗಾದ ಕುದುರಿ
ನನ್ನ ಕಿವಿಯಾಗ ಬೆಚ್ಚಗ ಉಸಿರು ಬಿಟ್ಟಿತು.
ಹೆಜ್ಜಿಗೊಮ್ಮೆ ಗುಮ್ಮಟ ಒಂದೀಟು ಸಣ್ಣದಾತು,
ಹೆಜ್ಜಿಗೊಬ್ಬರು ಒಳಗ ಬಂದರು:
ಇನ್ನೂ ಮುಸುಕು ತಗೀದ ಕಬ್ಬಿನ ಗಾಣ,
ಪಂಕ್ಚರ್ ಅಂಗಡಿ ಟೈರಿನ ಮ್ಯಾಲ ಕುಂತು ಹಲ್ಲು ತಿಕ್ಕಾಂವ,
ಸಾಲಿ ಹುಡುಗರು ಅಂಚಿಗೆಲ್ಲ ಜೋತ ಬಿದ್ದ ಆಟೋ,
ಒಂದು ಆಡು,
ಮತ್ತ ತಂತಿ, ತಂತಿ, ತಂತಿ.

ಇನ್ನೊಂದ ಹೆಜ್ಜಿ, ಪೂರಾ ಹಿಡದೀತು, ಅನ್ನೂದರಾಗ
ಮೊಣಕಾಲಿನ ಹಿಂಬದಿಗೆ ಏನೋ ಬಡೀತು.
ಕುಂತುಬಿಟ್ಟೆ.
ಹೊರಸಿನ ಮ್ಯಾಲ.
ಹೊರಸಿನ ಮ್ಯಾಲ ಹಳೀ ಸೀರಿ,
ಸೀರಿ ಮ್ಯಾಲ ಎರಡನೇ ದಿನದ ಬಿಸಲಿಗೆ ಹಾಕಿದ ಶಾವಿಗಿ.

ಗುಮ್ಮಟದಾಗ ಕೂಗಿದರ ಏಳು ಸಲ ಮಾರ್ದನಿ ಅಂತಾರ.
ಶಾವಿಗಿ ಮುರದ ಸಪ್ಪಳ ಒಮ್ಮೆ ಕೇಳಿದರ ಸಾಕು.

"ಹೆಂಗೂ ಮುರದ ಹಾಕೂದು, ಏಳು," ಅಂದ್ಲು ಖಾಸೀಂಬಿ,
ಕಾಗಿ ಹೊಡಿಯೂ ಕೋಲು ಮಾತ್ರ ಕೆಳಗ ಇಡಲಿಲ್ಲ.
"ನಾ ಲಗ್ನಾಗಿ ಈ ಓಣಿಗೆ ಬಂದಾಗಿಂದ
ನಿಮ್ಮಂಥವರ ಬೆನ್ನು ನೋಡಕೋತ ಬಂದೀನಿ.
ಮಾರಿ ನೋಡಿದ್ದು ನಿಂದ ಮೊದಲು."

ನಕ್ಕೆ. ಅಕಿ ನಗಲಿಲ್ಲ.

ಖರೇನ. ಈ ಓಣಿಗೆ ನಾವೆಲ್ಲ ಬರೇ ಬೆನ್ನು.
ಚೀಲದ ಪಟ್ಟಿ ಅಂಗಿ ಮ್ಯಾಲ ಮೂಡಿಸಿದ ಬೆವರಿನ ಗೆರಿ,
ಬಿಸಲು ತಿಂದ ಕುತ್ತಿಗಿ,
ಬಾಜೂಕ ಸರೀರಿ, ಬಾಜೂಕ ಸರೀರಿ, ಅಂತ
ಹೊಳ್ಳಿ ನೋಡದ ಆಡಸೂ ಕೈ.

ಮೊಮ್ಮಗಳು ಆಸ್ಮಾ ಒಳಗಿಂದ ಅಮ್ಮಿಯ ಫೋನು ತಂದ್ಲು,
ಪರದೆಯ ಮೂಲಿ ಒಡದದ್ದು.
ಬೆರಳಿಲೆ ಸರಸಾಕ ಹತ್ತಿದ್ಲು.
ಹಳದಿ ಟೊಪಗಿಯ ಬೆನ್ನು.
ಕೂಸಿನ್ನ ಕಟಗೊಂಡ ಬೆನ್ನು.
ಜಡಿ ಬಿಚ್ಚಿ, ಮತ್ತ ಹೆಣಕೋತ ನಿಂತ ಬೆನ್ನು.
ಎಲ್ಲಾರ ಹೆಗಲ ಮ್ಯಾಲೂ ಗುಮ್ಮಟ
ಒಂದು ಬಾರಿಕಾಯಿಯಷ್ಟು.
ತಂತಿ ಇದ್ದವು. ಟೈರು ಇದ್ದವು.
ಆ ಆಡು ಎರಡು ಸಲ ಬಂದಿತ್ತು, ಒಮ್ಮೆ ಮರಿಯಾಗಿ.

ಕಡೇದ್ದು ನಂದು,
ಬೀಳೂಕಿಂತ ಒಂದು ಹೆಜ್ಜಿ ಮೊದಲಿಂದು.

"ಹಿಂದ ಹೊರಸೈತಿ ಅಂತ ಹೇಳಬಾರದೇನವಾ?" ಅಂದೆ.
"ಹೇಳಿದ್ರ ಹೊಳ್ಳಿ ನೋಡತಿದ್ರಿ," ಅಂದ್ಲು,
"ಹೊಳ್ಳಿ ನೋಡಿದವರದು ನಾ ಇಟಗೊಳ್ಳಾಂಗಿಲ್ಲ."

ಸೋಲಬಾರದು ಅಂತ ನಂದೂ ತೋರಿಸಿದೆ:
ಇಸ್ಫಹಾನ, ನೀಲಿ ಹಂಚಿನ ಗುಮ್ಮಟ, ಸಂಜೀ ಬೆಳಕು,
ಬಹುಮಾನ ಬಂದದ್ದು.
ಬಾಳ ಹೊತ್ತು ನೋಡಿದ್ಲು.
"ಛಲೋ ಐತ್ರಿ. ಇದರ ಹಿಂದ ಏನಿತ್ತು?"
ಗುಮ್ಮಟದ ಹಿಂದೇನು?
"ಅಲ್ಲರಿ. ನಿಮ್ಮ ಹಿಂದ."

ಸ್ಟೂಲು, ಅಂದೆ.

"ಮತ್ತ?"

ಪ್ಯಾಂಟಿಗೆ ಹತ್ತಿದ ಶಾವಿಗಿ ಒಂದೊಂದ ಆರಿಸಿ
ಹೊರಸಿಗೆ ಹಾಕಕೋತ ನಿಂತೆ.
ಬಿಸಲು ಏರಿತ್ತು,
ನನ್ನ ಲೆಕ್ಕದಾಗ ಬೆಳಕು ಕೆಟ್ಟಿತ್ತು.
ಖಾಸೀಂಬಿ ಆಕಾಶ ನೋಡಿ, ಇವತ್ತು ಛಲೋ ಒಣಗತಾವ, ಅಂದ್ಲು.